ಶಿಬಿರಕ್ಕೆ ಹೊರಟವನ ಕೈಖರ್ಚು

ಪರೀಕ್ಷೆಗಳು ಮುಗಿದು ಬೇಸಿಗೆಯ ರಜೆ ಬಂದಿತೆಂದರೆ, ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಕೆಲವು ಮನೆಗಳಲ್ಲಿ ಒಂದು ಬಗೆಯ ಸಡಗರವು ಕಾಣತೊಡಗುತ್ತದೆ. ಅಟ್ಟದ ಮೇಲಿನ ಟ್ರಂಕು ಕೆಳಗಿಳಿಯುತ್ತದೆ, ಬೂಟುಗಳು ಹೊಳಪೇರುತ್ತವೆ, ಖಾಕಿ ಉಡುಪಿಗೆ ಇಸ್ತ್ರಿಯಾಗುತ್ತದೆ. ಕಾಲೇಜಿನ ಎನ್.ಸಿ.ಸಿ. ದಳದಲ್ಲಿರುವ ಮಗನೋ ಮಗಳೋ ಸೈನಿಕ ತರಬೇತಿಯ ಶಿಬಿರಕ್ಕೆ ಹೊರಡಬೇಕಾಗಿದೆ. ಎಲ್ಲವೂ ಸಿದ್ಧವಾದ ಮೇಲೆ ತಂದೆಯು ಮೆಲ್ಲನೆ ಕೇಳುತ್ತಾನೆ: “ಕೈಖರ್ಚಿಗೆ ಎಷ್ಟು ಬೇಕು?” ಪ್ರಶ್ನೆ ಸಣ್ಣದು. ಆದರೆ ಅದಕ್ಕೆ ಸರಿಯಾದ ಉತ್ತರ ದೊರೆಯದೆ ಶಿಬಿರವನ್ನೇ ಬಿಟ್ಟುಕೊಟ್ಟ ಹುಡುಗರನ್ನು ನಾನು ಕಂಡಿದ್ದೇನೆ. ಆದುದರಿಂದ ಈ ವಿಷಯವನ್ನು ಕುರಿತೇ ಇಂದು ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ವಿದ್ಯಾರ್ಥಿಗಳಿಗೆ ಸೈನಿಕ ಶಿಕ್ಷಣವನ್ನು ಕೊಡುವ ಪದ್ಧತಿಯು ನಮ್ಮ ದೇಶಕ್ಕೆ ಹೊಸದಲ್ಲ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1917ರಲ್ಲಿ, ವಿಶ್ವವಿದ್ಯಾನಿಲಯಗಳಲ್ಲಿ ಇಂತಹ ದಳಗಳು ಹುಟ್ಟಿದುವು. ಸ್ವಾತಂತ್ರ್ಯದ ಹೊಸ್ತಿಲಲ್ಲಿ, 1946ರಲ್ಲಿ, ಪಂಡಿತ ಹೃದಯನಾಥ ಕುಂಜ್ರೂ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಕವಾಯಿತು. ಅದರ ಸಲಹೆಯನ್ನನುಸರಿಸಿ 1948ರಲ್ಲಿ ಶಾಸನವಾಗಿ, ಎನ್.ಸಿ.ಸಿ.ಯು ಅಸ್ತಿತ್ವಕ್ಕೆ ಬಂದಿತು. ಮರುವರ್ಷವೇ ಬಾಲಿಕೆಯರ ವಿಭಾಗವೂ ಸೇರಿತು. ‘ಏಕತೆ ಮತ್ತು ಅನುಶಾಸನ’ ಎಂಬುದು ಅದರ ಧ್ಯೇಯವಾಕ್ಯ. ಗೌಡರ ಮಗನಾಗಲಿ ಕೂಲಿಯವನ ಮಗನಾಗಲಿ, ಸಾಲಿನಲ್ಲಿ ನಿಂತಾಗ ಒಂದೇ ಬಟ್ಟೆ, ಒಂದೇ ಹೆಜ್ಜೆ. ಆದರೆ ಆ ಬಟ್ಟೆಯ ಜೇಬಿನೊಳಗೆ ಇರುವುದು ಮಾತ್ರ ಒಂದೇ ಅಲ್ಲ. ತೊಂದರೆಯ ಮೂಲವಿರುವುದು ಇಲ್ಲಿಯೇ.

ಮೊದಲು ತಂದೆತಾಯಿಗಳು ತಿಳಿಯಬೇಕಾದುದನ್ನು ಹೇಳುತ್ತೇನೆ. ವಾರ್ಷಿಕ ಶಿಬಿರವು ಸಾಮಾನ್ಯವಾಗಿ ಹತ್ತು ದಿನಗಳದು. ಅಲ್ಲಿಯ ಊಟ, ವಸತಿ, ತರಬೇತಿಗಳ ವೆಚ್ಚವು ಸರ್ಕಾರದ್ದು. ದೂರದ ಶಿಬಿರಗಳಿಗೆ ದಳವಾಗಿ ಹೋಗುವಾಗ ಪ್ರಯಾಣದ ಏರ್ಪಾಡನ್ನು ದಳದ ಕಚೇರಿಯೇ ಮಾಡುವುದು ವಾಡಿಕೆ. ಮನೆಯ ಪಾಲಿಗೆ ಉಳಿಯುವುದು, ಊರಿನಿಂದ ದಳ ಕೂಡುವ ಸ್ಥಳದವರೆಗಿನ ಬಸ್ಸಿನ ಖರ್ಚು, ದಾರಿಯ ಚಹಾ ತಿಂಡಿ, ಸೋಪು, ಬೂಟಿನ ಪಾಲಿಷು ಇಷ್ಟೇ. ಹಾನಗಲ್ಲು, ಶಿಗ್ಗಾವಿ, ಹಿರೇಕೆರೂರು ಪಟ್ಟಣಗಳಲ್ಲಿ ರೈಲುನಿಲ್ದಾಣಗಳಿಲ್ಲ. ಹಾವೇರಿಗೋ ರಾಣಿಬೆನ್ನೂರಿಗೋ ಹುಬ್ಬಳ್ಳಿಗೋ ಬಸ್ಸಿನಲ್ಲಿ ಹೋಗಿಯೇ ರೈಲನ್ನು ಹಿಡಿಯಬೇಕು. ಹೆಣ್ಣುಮಕ್ಕಳಿಗೆ ಈ ಖರ್ಚೂ ತಪ್ಪಿದೆ. 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯ ಮೇರೆಗೆ ರಾಜ್ಯದೊಳಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಅವರಿಗೆ ಟಿಕೀಟಿನ ಹಣವಿಲ್ಲ.

ಇಷ್ಟು ಅಲ್ಪ ವೆಚ್ಚಕ್ಕೆ ಅಂಜುವುದೇಕೆ ಎಂದು ಪಟ್ಟಣದವರು ಕೇಳಬಹುದು. ನಮ್ಮ ಸೀಮೆಯ ಒಕ್ಕಲುಮನೆಗಳಲ್ಲಿ ರೊಕ್ಕ ಅತ್ಯಂತ ಬಿಗಿಯಾಗಿರುವ ಕಾಲವೆಂದರೆ ವೈಶಾಖ ಜ್ಯೇಷ್ಠಗಳು. ಹಿಂದಿನ ಪೀಕಿನ ಹಣ ತೀರಿರುತ್ತದೆ. ಮುಂಗಾರಿನ ಬಿತ್ತನೆ ಬಾಗಿಲಲ್ಲಿ ನಿಂತಿರುತ್ತದೆ. ಒಬ್ಬ ತಂದೆ ನನ್ನೊಡನೆ ಹೇಳಿದ ಮಾತು ಇದು: “ಸರ, ಹುಡುಗನ್ನ ಕಳಸೂದು ಖರೆ. ಆದ್ರ ಬೀಜ ಗೊಬ್ಬರದ ರೊಕ್ಕ ಮುರದು ಕೊಡೂದು ಹೆಂಗ? ಉಳಿದ ಹುಡುಗ್ರ ಮುಂದ ಅಂವ ಸಣ್ಣಾವ ಆಗಬಾರ್ದಲ್ಲ.” ಈ ಕೊನೆಯ ವಾಕ್ಯವನ್ನು ಗಮನಿಸಬೇಕು. ತಂದೆಯು ಹೆದರಿದ್ದು ಖರ್ಚಿಗಲ್ಲ, ಹೋಲಿಕೆಗೆ.

ಆ ಹೆದರಿಕೆಯು ಆಧಾರವಿಲ್ಲದುದಲ್ಲ. ಕೆಲವು ವರ್ಷಗಳ ಹಿಂದೆ ಹಿರೇಕೆರೂರಿನ ಕಡೆಯ ಒಬ್ಬ ಬುದ್ಧಿವಂತ ಹುಡುಗನು ಶಿಬಿರಕ್ಕೆ ಹೋದನು. ಮೊದಲನೆಯ ಸಂಜೆ ಕ್ಯಾಂಟೀನಿನಲ್ಲಿ ಗೆಳೆಯನೊಬ್ಬನು ಎಲ್ಲರಿಗೂ ಚಹಾ ಬಿಸ್ಕತ್ತು ಕೊಡಿಸಿದನು. ಎರಡನೆಯ ಸಂಜೆ ಮತ್ತೊಬ್ಬನ ಪಾಳಿ. ಮೂರನೆಯ ಸಂಜೆ ಇವನ ಪಾಳಿ ಬಂದಿತು. ಇಲ್ಲವೆನ್ನಲು ನಾಲಗೆ ಬಾರದು. ಆರನೆಯ ದಿನಕ್ಕೆ ಹಿಂದಿರುಗುವ ಬಸ್ಸಿನ ಹಣವೂ ಕರಗಿತು. ಜೊತೆಯವನಲ್ಲಿ ಇನ್ನೂರು ರೂಪಾಯಿ ಕಡ ತಂದು ಊರು ಸೇರಿದನು. ಮನೆಯಲ್ಲಿ ಕೇಳಲಾರ, ಗೆಳೆಯನಿಗೆ ಮುಖ ತೋರಿಸಲಾರ. ಕ್ರಮೇಣ ಕವಾಯತಿಗೆ ಬರುವುದನ್ನೇ ಬಿಟ್ಟನು. ಎನ್.ಸಿ.ಸಿ.ಯ ‘ಬಿ’ ಮತ್ತು ‘ಸಿ’ ಪ್ರಮಾಣಪತ್ರಗಳ ಪರೀಕ್ಷೆಗೆ ಕವಾಯತಿನ ಹಾಜರಿಯೂ ಬೇಕು, ಶಿಬಿರದ ಹಾಜರಿಯೂ ಬೇಕು. ಕನಿಷ್ಠ ‘ಬಿ’ ಶ್ರೇಣಿಯಲ್ಲಿ ‘ಸಿ’ ಪ್ರಮಾಣಪತ್ರವನ್ನು ಪಡೆದ ಅರ್ಹ ಪದವೀಧರರಿಗೆ, ಸೈನ್ಯದ ವಿಶೇಷ ಪ್ರವೇಶದಲ್ಲಿ ಲಿಖಿತ ಪರೀಕ್ಷೆಯಿಲ್ಲದೆ ಆಯ್ಕೆ ಮಂಡಳಿಯ ಮುಂದೆ ಹೋಗುವ ಅವಕಾಶವಿದೆ. ಆ ಹುಡುಗನು ಈ ಬಾಗಿಲನ್ನು ಕಳೆದುಕೊಂಡುದು ಇನ್ನೂರು ರೂಪಾಯಿಗೆ. ಈ ಸಂಗತಿ ನನಗೆ ತಿಳಿದಾಗ ಕಾಲ ಮೀರಿತ್ತು. ಸಾಲದ ವಿಷಯದಲ್ಲಿ ಸರ್ವಜ್ಞನು ಕೊಟ್ಟ ಎಚ್ಚರಿಕೆಯನ್ನು ಹಿರೇಕೆರೂರು ಸೀಮೆಯ ಮಕ್ಕಳಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಆದರೆ ಪದ್ಯ ಬಾಯಿಗೆ ಬರುವುದು ಬೇರೆ, ಪಾಳಿ ಬಂದಾಗ ಬೇಡವೆನ್ನುವುದು ಬೇರೆ.

ಹಾಗಾದರೆ ಮಾಡತಕ್ಕುದೇನು? ಹಣವನ್ನು ಒಂದೇ ಗಂಟಾಗಿ ಕೊಡದೆ ಮನೆಯಲ್ಲಿಯೇ ಪಾಲು ಮಾಡಿ ಕೊಡಬೇಕು. ಉದಾಹರಣೆಗೆ, ಒಬ್ಬನು ಸಾವಿರ ರೂಪಾಯಿ ಒಯ್ಯುತ್ತಾನೆಂದು ಇಟ್ಟುಕೊಳ್ಳೋಣ. ಹೋಗುವ ದಾರಿಗೆ 200, ಬರುವ ದಾರಿಗೆ 200, ಆಪತ್ತಿಗೆ 300, ಹತ್ತು ದಿನಗಳ ಕೈಖರ್ಚಿಗೆ ದಿನಕ್ಕೆ 20ರಂತೆ 200, ತಂಗಿಗೋ ತಮ್ಮನಿಗೋ ಏನಾದರೂ ತರಲು 100. ಬರುವ ದಾರಿಯ ಹಣವನ್ನೂ ಆಪತ್ತಿನ ಹಣವನ್ನೂ ಬೇರೆ ಬೇರೆ ಲಕೋಟೆಗಳಲ್ಲಿಟ್ಟು, ಹೆಸರು ಬರೆದು, ಜೊತೆಯಲ್ಲಿ ಹೋಗುವ ಅಧ್ಯಾಪಕರ ವಶಕ್ಕೆ ಕೊಟ್ಟು ಚೀಟಿ ಪಡೆಯುವುದು ಮೇಲು. ಉಳಿದುದು ಹತ್ತಿಪ್ಪತ್ತರ ಸಣ್ಣ ನೋಟುಗಳಲ್ಲಿ ಒಳಜೇಬಿನಲ್ಲಿರಲಿ. ಪ್ರತಿರಾತ್ರಿ ಮಲಗುವ ಮುನ್ನ ಆ ದಿನದ ಖರ್ಚನ್ನು ಪುಟ್ಟ ಪುಸ್ತಕದಲ್ಲಿ ಒಂದು ಸಾಲಿನಲ್ಲಿ ಬರೆದಿಡಲಿ. ಬರೆಯುವ ಕೈಗೆ ಮರುದಿನ ಬಿಚ್ಚುವಾಗ ತಾನಾಗಿಯೇ ಎಚ್ಚರ ಬರುತ್ತದೆ.

“ಈಗ ಫೋನಿನಲ್ಲಿಯೇ ಹಣ ಬರುತ್ತದಲ್ಲ, ಇಷ್ಟೆಲ್ಲ ಏಕೆ?” ಎನ್ನುವವರುಂಟು. 2016ರಲ್ಲಿ ಯು.ಪಿ.ಐ. ಬಂದಂದಿನಿಂದ ಹಣ ಕಳಿಸುವುದು ನಿಮಿಷದ ಕೆಲಸವಾಗಿದೆ, ನಿಜ. ಆದರೆ ಅನೇಕ ಶಿಬಿರಗಳಲ್ಲಿ ಫೋನಿನ ಬಳಕೆಗೆ ನಿರ್ಬಂಧವಿರುತ್ತದೆ. ಮೇಲಾಗಿ, ಕಣ್ಣಿಗೆ ಕಾಣುವ ನೋಟು ಕರಗುವುದು ತಿಳಿಯುತ್ತದೆ. ಫೋನಿನೊಳಗಿನದು ಕರಗುವುದು ತಿಳಿಯದು. ಅದು ಆಪತ್ತಿಗೆ ಇರಲಿ. ಅದರ ಗುಪ್ತಸಂಖ್ಯೆಯನ್ನು ಪ್ರಾಣಮಿತ್ರನಿಗೂ ಹೇಳದಿರಲಿ.

ಇವೆಲ್ಲವೂ ಒಬ್ಬೊಬ್ಬರು ಮಾಡಬೇಕಾದುವು. ಕಾಲೇಜಿನವರಾದ ನಾವು ಮಾಡಬೇಕಾದುದು ಇದಕ್ಕಿಂತ ಮುಖ್ಯವಾದುದು. ದಳವು ಹೊರಡುವ ಮೊದಲೇ ತಂದೆತಾಯಿಗಳನ್ನೂ ಕೂರಿಸಿಕೊಂಡು, ದಿನದ ಕೈಖರ್ಚಿಗೆ ಎಲ್ಲರಿಗೂ ಒಂದೇ ಮಿತಿಯನ್ನು ಗೊತ್ತುಮಾಡಬೇಕು. ಆ ಮಿತಿಯು ದಳದ ಅತ್ಯಂತ ಬಡವನಿಗೆ ನಿಲುಕುವಂತಿರಬೇಕು. ಆಗ “ನನ್ನಲ್ಲಿ ಇಲ್ಲ” ಎಂದು ಯಾರೂ ತಲೆತಗ್ಗಿಸಬೇಕಾಗಿಲ್ಲ. “ಇಂದಿನ ಪಾಲು ಮುಗಿಯಿತು” ಎಂದರೆ ಸಾಕು. ಬಡತನವನ್ನು ಒಪ್ಪಿಕೊಳ್ಳುವುದು ಕಷ್ಟ, ನಿಯಮವನ್ನು ಹೇಳುವುದು ಸುಲಭ. ಪಾಳಿಯ ಸತ್ಕಾರ ಬೇಕೇಬೇಕೆಂದರೆ ಅದಕ್ಕೆ ಹಣವೇ ಆಗಬೇಕೆಂದಿಲ್ಲ. ಸವಣೂರಿನವನು ಖಾರದ ಪೊಟ್ಟಣವನ್ನು ಬಿಚ್ಚಲಿ, ಹಾನಗಲ್ಲಿನವಳು ಮಾವಿನಹಣ್ಣು ತರಲಿ, ಶಿಗ್ಗಾವಿಯವನು ರೊಟ್ಟಿ ಶೇಂಗಾ ಚಟ್ನಿ ಹಂಚಲಿ. ಪ್ರಯಾಣದಲ್ಲಿ ಇದಕ್ಕಿಂತ ಸವಿಯಾದ ಸತ್ಕಾರ ಯಾವ ಕ್ಯಾಂಟೀನಿನಲ್ಲಿದೆ?

ಸೈನ್ಯದಲ್ಲಿ ಅನ್ನಸಾಮಗ್ರಿ ಮದ್ದುಗುಂಡುಗಳ ಲೆಕ್ಕ ತಪ್ಪಿದರೆ ಶೂರರೂ ಸೋಲುತ್ತಾರೆ. ಆ ಲೆಕ್ಕದ ಮೊದಲನೆಯ ಪಾಠವನ್ನು ಹುಡುಗನು ತನ್ನ ಜೇಬಿನಲ್ಲಿಯೇ ಕಲಿಯಬಹುದು. ಶಿಬಿರದಿಂದ ಮರಳಿದ ಮಗನು ಆಪತ್ತಿನ ಮುನ್ನೂರು ರೂಪಾಯಿಯನ್ನು ಒಡೆಯದೆ ತಂದು ತಂದೆಯ ಕೈಯಲ್ಲಿಟ್ಟರೆ, ಅದು ಬೀಜ ಗೊಬ್ಬರದ ಗಂಟಿಗೆ ಮರಳಿ ಸೇರುತ್ತದೆ; ಮುಂದಿನ ಶಿಬಿರಕ್ಕೆ ಕಳಿಸಲು ಆ ತಂದೆ ಎರಡನೆಯ ಸಲ ಯೋಚಿಸುವುದಿಲ್ಲ.