ಕೃಷ್ಣದೇವರಾಯನೂ ಉತ್ತರಾಧಿಕಾರವೂ

ಬಳ್ಳಾರಿಯ ಕಡೆಯಿಂದ ರೈಲಿನಲ್ಲಿ ಬರುವವರು ಗಾದಿಗನೂರನ್ನು ದಾಟಿ ಇಳಿಯುವ ಹೊಸಪೇಟೆಯು ಕೃಷ್ಣದೇವರಾಯನು ಕಟ್ಟಿಸಿದ ನಾಗಲಾಪುರವೇ ಆಗಿದೆ. 1509ರಲ್ಲಿ ಪಟ್ಟವನ್ನೇರಿದ ಈ ತುಳುವ ದೊರೆಯು ಇಪ್ಪತ್ತು ವರ್ಷ ಆಳಿದನು. ಉಮ್ಮತ್ತೂರಿನ ಪಾಳೆಯಗಾರನನ್ನು ಅಡಗಿಸಿ, 1514ರಲ್ಲಿ ಗಜಪತಿಯಿಂದ ಉದಯಗಿರಿಯನ್ನೂ, 1520ರಲ್ಲಿ ಆದಿಲಶಾಹಿಯಿಂದ ರಾಯಚೂರನ್ನೂ ಗೆದ್ದನು.

ಯುದ್ಧದಲ್ಲಿ ತೋರಿದ ಸಾಹಸಕ್ಕಿಂತ ಅವನ ದೂರದೃಷ್ಟಿಯು ಕೆರೆಯ ಕಾರ್ಯದಲ್ಲಿ ಹೆಚ್ಚು ಸ್ಪಷ್ಟವಾಗಿದೆ. ಹೊಸಪೇಟೆಯ ಬಳಿ ಗುಡ್ಡಗಳ ನಡುವೆ ಏರಿಯನ್ನು ಹಾಕುತ್ತಿದ್ದಾಗ ಹದಿನೈದು ಇಪ್ಪತ್ತು ಸಾವಿರ ಜನರು ದುಡಿಯುತ್ತಿದ್ದುದನ್ನು ಪೋರ್ತುಗೀಸ ಪ್ರವಾಸಿ ಪಾಯೆಸನು ಕಂಡನು. ಏರಿಯು ಎರಡು ಮೂರು ಸಲ ಒಡೆದರೂ ದೊರೆಯು ಕೈಬಿಡಲಿಲ್ಲ. ಗೋವೆಯಿಂದ ಕಲ್ಲುಕೆಲಸದ ನಿಪುಣನನ್ನು ಕರೆಸಿದನೆಂದೂ, ರೈತರಿಗೆ ಒಂಬತ್ತು ವರ್ಷ ಕಂದಾಯವಿಲ್ಲದೆ ಭೂಮಿಯನ್ನು ಕೊಟ್ಟನೆಂದೂ ನೂನಿಜನು ಬರೆದಿದ್ದಾನೆ.

ಇಂತಹ ದೊರೆಗೂ ಒಂದು ಕಾರ್ಯವು ಕೈಗೂಡಲಿಲ್ಲ. ಬಾಲಕನಾದ ಮಗ ತಿರುಮಲನಿಗೆ 1524ರಲ್ಲಿ ಪಟ್ಟ ಕಟ್ಟಿದನು. ಮಗು ಬೇಗನೆ ತೀರಿಕೊಂಡಿತು. ವಿಷಪ್ರಯೋಗದ ಸಂಶಯವು ವೃದ್ಧಮಂತ್ರಿ ತಿಮ್ಮರಸನ ಮೇಲೆ ಬಿದ್ದು, ಅವನ ಕಣ್ಣುಗಳನ್ನು ಕೀಳಿಸಲಾಯಿತೆಂದು ನೂನಿಜನ ಹೇಳಿಕೆ. 1529ರಲ್ಲಿ ರಾಯನು ತೀರಿಕೊಳ್ಳಲು ಸಹೋದರ ಅಚ್ಯುತನು ಪಟ್ಟಕ್ಕೆ ಬಂದನಾದರೂ, ಅಳಿಯ ರಾಮರಾಯನ ಪೈಪೋಟಿಯನ್ನು ಎದುರಿಸಬೇಕಾಯಿತು.

ಇದೇ ಕಾಲದಲ್ಲಿ ಸ್ವೀಡನ್ ದೇಶದ ಗುಸ್ತಾವ್ ವಾಸನು, ಚುನಾಯಿತನಾಗಿ 1523ರಲ್ಲಿ ದೊರೆಯಾದವನು, 1544ರಲ್ಲಿ ಪಟ್ಟವು ತನ್ನ ವಂಶಕ್ಕೇ ಸಲ್ಲುವಂತೆ ಸಭೆಯಿಂದ ನಿರ್ಣಯ ಮಾಡಿಸಿದನು. ಅವನ ಮಕ್ಕಳೂ ಪರಸ್ಪರ ಹೋರಾಡಿದರು. ಆದರೂ ಪಟ್ಟವು ವಂಶದಲ್ಲಿ ಉಳಿಯಿತು. ವಿಜಯನಗರದಲ್ಲಿ ಅಂತಹ ಕಟ್ಟಳೆಯು ಬೇರೂರಲಿಲ್ಲ. ರಾಜ್ಯದ ಬಲವು ಒಬ್ಬ ಸಮರ್ಥನ ಆಯುಷ್ಯವನ್ನೇ ಅವಲಂಬಿಸಿದರೆ ಅವನ ತರುವಾಯ ಪ್ರಜೆಗಳಿಗೆ ರಕ್ಷಣೆಯೇನು? ಕೃಷ್ಣದೇವರಾಯನ ಚರಿತ್ರೆಯು ನಮ್ಮನ್ನು ಕೇಳುವ ಪ್ರಶ್ನೆ ಇದು.