ಚಾಮರಾಜಪೇಟೆಯಿಂದ ರಂಗನತಿಟ್ಟಿಗೆ: ಒಂದು ದಿನದ ದೋಣಿ ಪ್ರವಾಸ

ಕೆಳಗೆ ಬಂಡೆ ಮೇಲೆ ಮೊಸಳೆ.
ಮೇಲೆ ಮರದಲ್ಲಿ ಹಕ್ಕಿ ಗೂಡು.
ಇಂಥ ಜಾಗಾನೇ ಯಾಕೆ ಬೇಕು ಹಕ್ಕಿಗೆ?

ಬಸವನಗುಡಿ, ಚಾಮರಾಜಪೇಟೆಯವರೇ,
ಮೈಸೂರು ರಸ್ತೆ ನಿಮಗೆ ಪಕ್ಕದಲ್ಲೇ ಇದೆ.
ಬೆಳಿಗ್ಗೆ ಬೇಗ ಬಸ್ಸಲ್ಲಿ ಹೊರಡಿ.
ಶ್ರೀರಂಗಪಟ್ಟಣದಲ್ಲಿ ಇಳಿದು ಆಟೋ ಹತ್ತಿ.
ಬಂದೇಬಿಡ್ತು, ರಂಗನತಿಟ್ಟು!

1640ರ ದಶಕದಲ್ಲಿ
ಕಂಠೀರವ ನರಸರಾಜ ಒಡೆಯರು
ಇಲ್ಲಿ ಕಾವೇರಿಗೆ ಕಟ್ಟೆ ಕಟ್ಟಿಸಿದರು.
ನೀರು ಹರಡಿಕೊಂಡು ನಿಂತಿತು.
ನಡುವೆ ತಿಟ್ಟುಗಳು ಉಳಿದವು.
ಹಕ್ಕಿಗಳು ಬಂದವು.
ಪಕ್ಷಿತಜ್ಞ ಸಲೀಂ ಅಲಿ ಇದನ್ನ ಕಂಡು
ಮೈಸೂರು ಮಹಾರಾಜರಿಗೆ ಹೇಳಿದರು.
1940ರಲ್ಲಿ ಪಕ್ಷಿಧಾಮ ಆಯ್ತು.
2022ರಲ್ಲಿ ರಾಮ್ಸಾರ್ ತಾಣ,
ಅಂದ್ರೆ ಜಾಗತಿಕ ಮಹತ್ವದ ಜೌಗು ಪ್ರದೇಶ.

ಈಗ ದೋಣಿ ಹತ್ತಿ.
ಹುಟ್ಟು ಹಾಕೋರೇ ನಿಮ್ಮ ಗೈಡು.
ಅವರು ಕೈ ತೋರಿಸಿದ ಕಡೆ ನೋಡಿ.
ಆ ಬಿಳಿ ಹಕ್ಕಿ, ಚಮಚದ ಕೊಕ್ಕು.
ಕೊಕ್ಕಿನ ತುದಿ
ದೋಸೆ ಮಗುಚೋ ಮೊಗಚೆಕೈ ಥರಾನೇ ಚಪ್ಪಟೆ!
ಕೊಕ್ಕನ್ನ ಅರ್ಧ ತೆರೆದು
ನೀರಲ್ಲಿ ಅತ್ತ ಇತ್ತ ಆಡಿಸುತ್ತೆ.
ಮೀನು ತಾಗಿತೋ, ತಟ್ಟನೆ ಮುಚ್ಚುತ್ತೆ.
ಕೆಸರು ನೀರಲ್ಲಿ ಕಾಣದಿದ್ದರೂ ಊಟ ಸಿಗುತ್ತೆ.

ಸರಿ, ಮೊಸಳೆ ಕಥೆ ಏನು?
ತಿಟ್ಟಿನ ಸುತ್ತ ನೀರು.
ಆ ನೀರಲ್ಲಿ ಮೊಸಳೆ.
ಮೊಟ್ಟೆ ಕದಿಯೋ ಪ್ರಾಣಿ
ಇದನ್ನೆಲ್ಲ ದಾಟಿ ಬರೋದು ಕಷ್ಟ.
ಅದಕ್ಕೇ ಮರದ ಮೇಲಿನ ಗೂಡು ಭದ್ರ.

ಗೂಡು, ಮರಿ ನೋಡಬೇಕಾ?
ಜನವರಿಯಿಂದ ಮೇ ಒಳಗೆ ಹೋಗಿ.
ಮಳೆಗಾಲದಲ್ಲಿ ಕೆಆರ್‌ಎಸ್ ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟರೆ
ದೋಣಿ ನಿಲ್ಲಿಸ್ತಾರೆ.

ದೋಣಿಯಲ್ಲಿ ಕೂಗಾಡಬೇಡಿ.
ಕೈ ನೀರಿಗೆ ಇಳಿಬಿಡಲೇಬೇಡಿ.
ಮಕ್ಕಳನ್ನ ಖಂಡಿತ ಕರ್ಕೊಂಡು ಹೋಗಿ.
ಬೈನಾಕ್ಯುಲರ್ ಇದ್ದರೆ ಅದನ್ನೂ ಮರೀಬೇಡಿ!