ನಾಲ್ಕಾಣೆಯ ಕಟ್ಟಳೆ

1920ರ ಡಿಸೆಂಬರಿನ ನಾಗಪುರ ಕಾಂಗ್ರೆಸ್ ಎಂದರೆ ಅಸಹಕಾರದ ನಿರ್ಣಯ. ಶಾಲೆಯ ಪಠ್ಯಪುಸ್ತಕಗಳು ಅಲ್ಲಿಗೇ ನಿಲ್ಲುತ್ತವೆ. ಸಾವಿರಾರು ಜನರ ಸಂಸ್ಥೆಯೊಂದು ತನ್ನನ್ನು ತಾನು ಆಳಿಕೊಳ್ಳುವ ನಿಯಮಾವಳಿಯೂ ಅದೇ ಪೆಂಡಾಲಿನಲ್ಲಿ ಅಂಗೀಕಾರವಾಯಿತು. ಕನ್ನಡಿಗರ ಪಾಲಿಗಂತೂ ದೊಡ್ಡ ಸಂಗತಿ ಅದೇ.

ಅದಕ್ಕೆ ಮೊದಲು ಕಾಂಗ್ರೆಸ್ ವರ್ಷಕ್ಕೊಮ್ಮೆ ಕೂಡಿ ಕರಗುವ ಜಾತ್ರೆಯಂತಿತ್ತು. 1907ರ ಅಧಿವೇಶನ ನಾಗಪುರದಲ್ಲೇ ನಡೆಯಬೇಕಿತ್ತು. ಅಲ್ಲಿ ತಿಲಕರ ಕಡೆಯವರ ಬಲ ಹೆಚ್ಚೆಂದು ಮಂದಗಾಮಿಗಳು ಅದನ್ನು ಸೂರತ್ತಿಗೆ ಒಯ್ದರು. ಅಲ್ಲಿ ವೇದಿಕೆಯತ್ತ ಜೋಡು ತೂರಿಬಂತು, ಸಭೆ ಒಡೆಯಿತು. ಮರುವರ್ಷ ಅಲಹಾಬಾದಿನಲ್ಲಿ ಮಂದಗಾಮಿಗಳೇ ಕೂತು ನಿಯಮ ಬರೆದರು. ತಮ್ಮ ಧ್ಯೇಯಕ್ಕೆ ಸಹಿ ಹಾಕದವರನ್ನು ಹೊರಗಿಡಲು ಅದು ಚೆನ್ನಾಗಿಯೇ ಒದಗಿತು.

ಹೊಸ ನಿಯಮಾವಳಿಯ ಹೊಣೆ 1919ರ ಅಮೃತಸರ ಅಧಿವೇಶನದಲ್ಲಿ ಗಾಂಧೀಜಿಯ ಹೆಗಲೇರಿತು. ತಿಲಕರ ಕಡೆಯಿಂದ ನ.ಚಿಂ. ಕೇಳ್ಕರ್, ಚಿತ್ತರಂಜನ ದಾಸರ ಕಡೆಯಿಂದ ಐ.ಬಿ. ಸೇನ್ ಜೊತೆಗೂಡಿದರು. ಮೂವರೂ ಒಮ್ಮೆಯೂ ಒಟ್ಟಿಗೆ ಕೂರಲಿಲ್ಲ, ಕಾಗದ ಬರೆದುಕೊಂಡೇ ಒಮ್ಮತದ ವರದಿ ಒಪ್ಪಿಸಿದರು. ನಾಲ್ಕಾಣೆ ಕೊಟ್ಟವರು ಸದಸ್ಯರು. ವರ್ಷವಿಡೀ ಕೆಲಸ ನೋಡಲು 15 ಜನರ ಕಾರ್ಯಕಾರಿ ಸಮಿತಿ. ಅದರ ಹಿಂದೆ 350 ಜನರ ಅಖಿಲ ಭಾರತ ಸಮಿತಿ.

ಜಗಳ ಎದ್ದದ್ದು ಪ್ರತಿನಿಧಿಗಳ ಸಂಖ್ಯೆಯ ಮೇಲೆ. ಕರಡಿನಲ್ಲಿ ಇದ್ದದ್ದು 1,500. ವಿಷಯ ನಿಯಾಮಕ ಸಮಿತಿ ಅದನ್ನು 6,000ಕ್ಕೆ ಏರಿಸಿತು. ಗಾಂಧೀಜಿ ಇದನ್ನು ಮರೆಯಲಿಲ್ಲ. ಹೇಗೋ ಆರಿಸಿಬಂದ ಆರು ಸಾವಿರಕ್ಕಿಂತ ಜನಹಿತ ಬಲ್ಲ ಒಂದೂವರೆ ಸಾವಿರವೇ ಪ್ರಜಾಸತ್ತೆಗೆ ಕಾವಲು ಎಂದು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ನಾಗಪುರದಲ್ಲಿ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಪ್ರತಿನಿಧಿಗಳು ನೆರೆದಿದ್ದರು ಎಂಬುದನ್ನು ನೆನೆದರೆ ಆರು ಸಾವಿರವೂ ಕಡಿವಾಣವೇ.

ಭಾಷಾವಾರು ಪ್ರಾಂತ ಸಮಿತಿಗಳು ಬಂದದ್ದೂ ಇದೇ ನಿಯಮಾವಳಿಯಿಂದ. ಆತಿಥ್ಯ ವಹಿಸಿದ್ದ ಮಧ್ಯಪ್ರಾಂತವೇ ಹಿಂದಿ, ಮರಾಠಿ ಎಂದು ಎರಡಾಯಿತು. ಅದೇ ವರ್ಷ ವಿ.ಪಿ. ಮಾಧವರಾಯರ ಅಧ್ಯಕ್ಷತೆಯಲ್ಲಿ ನಡೆದ ಧಾರವಾಡದ ರಾಜಕೀಯ ಪರಿಷತ್ತು ಕನ್ನಡಿಗರು ದೊಡ್ಡ ಸಂಖ್ಯೆಯಲ್ಲಿ ನಾಗಪುರಕ್ಕೆ ಹೋಗಬೇಕೆಂದು ಕರೆ ಕೊಟ್ಟಿತ್ತು. ಸುಮಾರು 800 ಮಂದಿ ಹೊರಟರು. ಮುಂಬಯಿ, ಮದ್ರಾಸು, ಮೈಸೂರು, ಹೈದರಾಬಾದು ಎಂದು ಚದುರಿದ್ದ ನಾಡಿಗೆ ಒಂದೇ ಕರ್ನಾಟಕ ಪ್ರಾಂತ ಕಾಂಗ್ರೆಸ್ ಸಮಿತಿ ದಕ್ಕಿತು. ಗಂಗಾಧರರಾವ್ ದೇಶಪಾಂಡೆ ಅದರ ಮೊದಲ ಅಧ್ಯಕ್ಷರು.

ಸಮಿತಿಯೊಂದಿಗೇ ಗಡಿ ತಕರಾರೂ ಹುಟ್ಟಿತು. ಬಳ್ಳಾರಿ ಜಿಲ್ಲೆ ತಮ್ಮದೆಂದು ಆಂಧ್ರದವರೂ ಹಕ್ಕು ಹೂಡಿದಾಗ ಕಾಂಗ್ರೆಸ್ ಸರ್ಕಾರದ ಬಾಗಿಲಿಗೆ ಹೋಗದೆ ಅದೇ ಕೇಳ್ಕರರನ್ನು ಪಂಚರನ್ನಾಗಿ ನೇಮಿಸಿತು. 1921ರಲ್ಲಿ ಅವರು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳನ್ನು ಆಂಧ್ರ ಸಮಿತಿಗೂ ಉಳಿದವನ್ನು ಕರ್ನಾಟಕಕ್ಕೂ ಹಂಚಿದರು. 1953ರಲ್ಲಿ ಆಂಧ್ರ ರಾಜ್ಯ ರಚನೆಯಾದಾಗ ಆಯೋಗದ ಮೇಲೆ ಆಯೋಗ ಕೂತರೂ ಆಂಧ್ರಕ್ಕೆ ಹೋದದ್ದು ಆ ಮೂರು ತಾಲ್ಲೂಕುಗಳೇ.